ಊಹೆ ಸರಿ, ಲಾಟ್ ತಪ್ಪು

2013ರ ಆಗಸ್ಟ್ 27ರ ಸಂಜೆ ಡಾಲರ್ ಬೆಲೆ 66.24 ರೂಪಾಯಿಗೆ ನಿಂತಿತ್ತು. ಒಂದೇ ದಿನದಲ್ಲಿ 194 ಪೈಸೆ ಏರಿಕೆ. ‘ಇನ್ನೆಷ್ಟು ಏರೀತು, ಇಳಿಯಲೇಬೇಕು’ ಎಂದುಕೊಂಡ ಈ ಅಂಕಣಕಾರ, ಮಾರುಕಟ್ಟೆ ಮುಚ್ಚುವ ಮುನ್ನ ಹತ್ತು ಲಾಟ್ ಡಾಲರ್ ಫ್ಯೂಚರ್ಸ್ ಮಾರಿ ನೆಮ್ಮದಿಯಾಗಿ ಮನೆಗೆ ಹೋದ. ಖಾತೆಯಲ್ಲಿದ್ದದ್ದು ಒಂದು ಲಕ್ಷ ರೂಪಾಯಿ. ಒಂದು ಲಾಟ್ ಎಂದರೆ 1,000 ಡಾಲರ್. ಡಾಲರ್ ಒಂದು ರೂಪಾಯಿ ಏರಿದರೆ ಲಾಟಿಗೆ ಸಾವಿರ ರೂಪಾಯಿ ನಷ್ಟ. ಈ ಲೆಕ್ಕ ಅವನಿಗೆ ಗೊತ್ತಿತ್ತು. ಹತ್ತೇ ಲಾಟ್ ಯಾಕೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಉತ್ತರವಿರಲಿಲ್ಲ. ಮಾರ್ಜಿನ್ (ವಹಿವಾಟಿಗೆ ಇಡಬೇಕಾದ ಠೇವಣಿ) ಸಾಕಾಗುತ್ತಿತ್ತು, ಅಷ್ಟೇ.

ಮರುದಿನ ರೂಪಾಯಿ ಮತ್ತೆ 256 ಪೈಸೆ ಕುಸಿದು 68.80ಕ್ಕೆ ಬಂತು. ಹತ್ತು ಲಾಟಿನ ಮೇಲೆ ಸುಮಾರು 25,000 ರೂಪಾಯಿ ಕರಗಿತು. ಮಾರ್ಜಿನ್ ಉಳಿದಿತ್ತು, ಧೈರ್ಯ ಉಳಿದಿರಲಿಲ್ಲ. ಸಿಕ್ಕಿದ ದರಕ್ಕೆ ಎಲ್ಲವನ್ನೂ ವಾಪಸ್ ಕೊಂಡು ಹೊರಬಂದ.

ಅದೇ ರಾತ್ರಿ ಆರ್‌ಬಿಐ, ಸರ್ಕಾರಿ ತೈಲ ಕಂಪನಿಗಳಿಗೆ ಬೇಕಾದ ಡಾಲರನ್ನು ತಾನೇ ಒದಗಿಸುವುದಾಗಿ ಪ್ರಕಟಿಸಿತು. 29ರಂದು ಡಾಲರ್ 66.55ಕ್ಕೆ ಇಳಿಯಿತು, ಸೆಪ್ಟೆಂಬರ್ ಮೂರನೇ ವಾರದಲ್ಲಿ 62ರ ಆಸುಪಾಸಿನಲ್ಲಿತ್ತು. ಊಹೆ ನಿಜವಾದಾಗ ಊಹಿಸಿದವನೇ ಮಾರುಕಟ್ಟೆಯಲ್ಲಿರಲಿಲ್ಲ.

ಅವನು ಉಲ್ಟಾ ಲೆಕ್ಕ ಹಾಕಬೇಕಿತ್ತು. ಎಷ್ಟು ಲಾಟ್ ಸಿಗುತ್ತದೆ ಎಂದಲ್ಲ, ಒಂದು ವಹಿವಾಟಿನಲ್ಲಿ ಎಷ್ಟು ಹೋದರೆ ತಡೆದುಕೊಳ್ಳಬಹುದು ಎಂದು. ಲಕ್ಷಕ್ಕೆ ಶೇ 2 ಎಂದರೆ 2,000 ರೂಪಾಯಿ. ದಿನಕ್ಕೆ ಎರಡು ರೂಪಾಯಿ ಅಲ್ಲಾಡುತ್ತಿದ್ದ ಮಾರುಕಟ್ಟೆಯಲ್ಲಿ ನಷ್ಟ ಮಿತಿಮೀರದಂತೆ ಹೊರಬರುವ ದರ, ಅಂದರೆ ಸ್ಟಾಪ್‌ಲಾಸ್ ಕೂಡ ಅಷ್ಟು ದೂರದಲ್ಲಿರಬೇಕಿತ್ತು. ಅಲ್ಲಿಗೆ ಲಾಟಿಗೆ 2,000 ರೂಪಾಯಿ ಅಪಾಯ. ಭಾಗಿಸಿದರೆ ಬರುವುದು ಒಂದೇ ಲಾಟ್. ಮಾರುಕಟ್ಟೆ ತಣ್ಣಗಿದ್ದು 25 ಪೈಸೆಯ ಸ್ಟಾಪ್‌ಲಾಸ್ ಸಾಕೆನಿಸುವ ದಿನ ಅದೇ 2,000 ರೂಪಾಯಿಗೆ ಎಂಟು ಲಾಟ್ ಹೊಂದುತ್ತದೆ.

ಸ್ಟಾಪ್‌ಲಾಸ್ ಇಟ್ಟ ಮಾತ್ರಕ್ಕೆ ಅದೇ ದರ ಸಿಗುತ್ತದೆಂಬ ಖಾತರಿಯೂ ಇಲ್ಲ. 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್, ಯೂರೋ ಬೆಲೆ 1.20 ಫ್ರಾಂಕಿಗಿಂತ ಇಳಿಯದಂತೆ ಕಾಯುತ್ತಿದ್ದ ಕೆಲಸವನ್ನು ದಿಢೀರನೆ ಕೈಬಿಟ್ಟಿತು. ನಿಮಿಷಗಳಲ್ಲೇ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು. 1.19ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದವರಿಗೆ ಆ ದರದಲ್ಲಿ ಕೊಳ್ಳುವವರೇ ಸಿಗಲಿಲ್ಲ. ಬ್ರೋಕರ್ ಸಂಸ್ಥೆ ಅಲ್ಪಾರಿ ಯುಕೆ ದಿವಾಳಿಯಾಯಿತು; ಮತ್ತೊಂದು ಬ್ರೋಕರ್ ಸಂಸ್ಥೆ ಎಫ್‌ಎಕ್ಸ್‌ಸಿಎಂಗೆ ಅದರ ಗ್ರಾಹಕರು ಉಳಿಸಿಕೊಂಡ ಬಾಕಿ ಸುಮಾರು 22.5 ಕೋಟಿ ಡಾಲರ್. ಇಂಥ ದಿನ ಸ್ವಲ್ಪವಾದರೂ ಕಾಪಾಡುವುದು ಸಣ್ಣ ಪೊಸಿಷನ್ ಮಾತ್ರ.

ಎಷ್ಟು ಲಾಟ್ ಎಂಬುದನ್ನು ಈಗ ನಿಯಮವೂ ನಿರ್ಧರಿಸುತ್ತದೆ. 2024ರ ಮೇ ತಿಂಗಳಿಂದ ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ರೂಪಾಯಿ ಫ್ಯೂಚರ್ಸ್‌ಗೆ ಇಳಿಯುವವರಿಗೆ ವಿದೇಶಿ ಹಣದ ನಿಜವಾದ ವ್ಯವಹಾರ ಇರಲೇಬೇಕು. ಕಟ್ಟಬೇಕಾದದ್ದು 5,000 ಡಾಲರ್ ಆದರೆ ಐದು ಲಾಟ್, ಆರನೆಯದಕ್ಕೆ ಅವಕಾಶವಿಲ್ಲ. ಇದರಿಂದ ಬೇಸತ್ತವರನ್ನು, ಖಾತೆಯಲ್ಲಿರುವ ಹಣದ ನೂರು ಪಟ್ಟು ವಹಿವಾಟಿಗೆ (ಲಿವರೇಜ್) ಅವಕಾಶ ಕೊಡುತ್ತೇವೆನ್ನುವ ವಿದೇಶಿ ಆ್ಯಪ್‌ಗಳು ಕರೆಯುತ್ತವೆ. ಹಣ ಕಳುಹಿಸುವ ಮುನ್ನ ಆರ್‌ಬಿಐ ಜಾಲತಾಣದಲ್ಲಿರುವ, ಅನುಮತಿಯಿಲ್ಲದ ಸಂಸ್ಥೆಗಳ ಅಲರ್ಟ್ ಲಿಸ್ಟ್ ನೋಡಿ. ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಇದೆಯೆಂದು ತಿಳಿಯಬೇಡಿ ಎಂದು ಆರ್‌ಬಿಐಯೇ ಹೇಳಿದೆ.