ಹರಾಜಿನ ಮನೆ: ಬೆಲೆಗಿಂತ ಮೊದಲು ಸ್ವಾಧೀನ ನೋಡಿ

ಪ್ರಶ್ನೆ: ಸಾಲ ಕಟ್ಟದ್ದಕ್ಕೆ ಬ್ಯಾಂಕ್ ಹರಾಜಿಗಿಟ್ಟ ಫ್ಲ್ಯಾಟೊಂದು ಬೆಂಗಳೂರಿನಲ್ಲಿ ಕಡಿಮೆ ಬೆಲೆಗೆ ಸಿಗುವಂತಿದೆ. ಬಾಡಿಗೆಗೆ ಕೊಡಲೆಂದು ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು. ಆದರೆ ಹರಾಜು ಪ್ರಕಟಣೆಯಲ್ಲಿ ಮೊದಲು ಸ್ವಾಧೀನದ ವಿವರ ಓದಿ. ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಹಳೆಯ ಮಾಲೀಕರೋ ಬಾಡಿಗೆದಾರರೋ ಇನ್ನೂ ಒಳಗಿರಬಹುದು. ಅವರು ಖಾಲಿ ಮಾಡುವವರೆಗೆ ನಿಮಗೆ ಬಾಡಿಗೆ ಹುಟ್ಟುವುದಿಲ್ಲ. ‘ಭೌತಿಕ ಸ್ವಾಧೀನ’ ಇರುವ ಮನೆಯನ್ನೇ ಆರಿಸಿ.

ಸಾಲ ವಸೂಲಿಗೆಂದು ಬ್ಯಾಂಕ್‌ಗಳು 2002ರ ಸರ್ಫೇಸಿ ಕಾಯ್ದೆಯಡಿ ನಡೆಸುವ ಹರಾಜಿನಲ್ಲಿ ಮನೆಯನ್ನು ‘ಇದ್ದಲ್ಲಿ, ಇದ್ದಂತೆ’ ಮಾರುತ್ತಾರೆ. ಆಸ್ತಿ ತೆರಿಗೆ, ಕರೆಂಟ್ ಬಿಲ್, ಅಪಾರ್ಟ್‌ಮೆಂಟ್ ನಿರ್ವಹಣೆಯ ಬಾಕಿ ಸಾಮಾನ್ಯವಾಗಿ ಕೊಂಡವರ ತಲೆಗೇ ಬರುತ್ತದೆ. ಇವೆಲ್ಲ ಕೂಡಿಸಿದ ಮೇಲೂ ಬೆಲೆ ಕಡಿಮೆಯೇ ಎಂದು ಲೆಕ್ಕ ಹಾಕಿ. ಋಣಭಾರ ಪ್ರಮಾಣಪತ್ರ (ಇಸಿ), ಇ-ಖಾತಾ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಿ. ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ದಾವೆ ಇದೆಯೇ ಎಂದೂ ವಿಚಾರಿಸಿ.

ಬಿಡ್ ನಿಮ್ಮದಾದರೆ ಮೊದಲೇ ಇಟ್ಟ ಠೇವಣಿ ಸೇರಿ ಬಿಡ್ ಮೊತ್ತದ ಶೇ 25ರಷ್ಟನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ ಶೇ 75ಕ್ಕೆ, ಮಾರಾಟ ಖಚಿತವಾದ ಮೇಲೆ 15 ದಿನಗಳ ಗಡುವು. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಮಾತ್ರ ಹೆಚ್ಚೆಂದರೆ 3 ತಿಂಗಳು. ತಪ್ಪಿದರೆ ಕಟ್ಟಿದ ಹಣವೇ ಮುಟ್ಟುಗೋಲಾಗುತ್ತದೆ. ಹಾಗಾಗಿ ಹಣದ ವ್ಯವಸ್ಥೆ ಖಚಿತವಾಗದೆ ದಯವಿಟ್ಟು ಬಿಡ್ ಕೂಗಬೇಡಿ.