ಕಾರಿನ ವಾದಕ್ಕೆ ನೀವೂ ಇಳಿಯಿರಿ

ಕೊಪ್ಪದ ಬಸ್ ಸ್ಟ್ಯಾಂಡ್ ಇರಲಿ, ಶೃಂಗೇರಿಯಲ್ಲಿ ಕಾಲೇಜು ಬಿಡುವ ಹೊತ್ತಿರಲಿ, ಎನ್.ಆರ್.ಪುರದ ಆಟದ ಮೈದಾನವಿರಲಿ, ನಾಲ್ಕು ಹುಡುಗರು ಸೇರಿದರೆ ಮಾತು ಕಾರಿನ ಕಡೆ ಹೊರಳುತ್ತದೆ. ಥಾರ್ ಮೇಲೋ ಜಿಮ್ನಿ ಮೇಲೋ? ಟಾಟಾದ ಗಟ್ಟಿತನ ಬೇಕೋ ಮಾರುತಿಯ ಮೈಲೇಜೋ? ಹೆಣ್ಣುಮಕ್ಕಳೂ ಈ ವಾದದಲ್ಲಿ ಹಿಂದೆ ಬಿದ್ದಿಲ್ಲ. ಇದೇ ಮಾತು ಮನೆಯಲ್ಲಿ ಎದ್ದರೆ "ಮೊದಲು ಓದು, ಕಾರಿನ ಚಿಂತೆ ಆಮೇಲೆ" ಎಂದು ಬಾಯಿ ಮುಚ್ಚಿಸುವ ಪೋಷಕರೇ ಹೆಚ್ಚು. ಡ್ರೈವಿಂಗ್ ಕಲಿಸುವವನಾಗಿ ನನ್ನ ವಿನಂತಿ, ಹಾಗೆ ಮಾಡಬೇಡಿ. ಮಗ ನಾಳೆ ಗಾಡಿ ಹೇಗೆ ಓಡಿಸುತ್ತಾನೆ ಎಂಬುದರ ಸುಳಿವು ಇವತ್ತಿನ ಈ ಮಾತಿನಲ್ಲೇ ಇರುತ್ತದೆ.

ಈ ಮಕ್ಕಳಿಗೆ ತಿಳಿದಿರುವುದು ಕಡಿಮೆಯೇನಲ್ಲ. ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ 2018ರಲ್ಲಿ ನೆಕ್ಸಾನ್‌ಗೆ 5 ಸ್ಟಾರ್ ಬಂದದ್ದು, 2020ರಲ್ಲಿ ಥಾರ್‌ಗೆ 4 ಬಂದದ್ದು, ಮಾರುತಿ ಎಂದರೆ ತೆಳು ತಗಡು ಎನ್ನುತ್ತಿದ್ದವರಿಗೆ 2024ರಲ್ಲಿ ಡಿಜೈರ್ 5 ಸ್ಟಾರ್ ಪಡೆದು ಉತ್ತರ ಕೊಟ್ಟದ್ದು ಅವರ ಬಾಯಿಪಾಠ. ನೀವು ಇದಕ್ಕೆ ಎರಡೇ ಸಂಗತಿ ಸೇರಿಸಿ. ಆ ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಒಳಗೆ ಕೂತ ಬೊಂಬೆ ಸೀಟ್ ಬೆಲ್ಟ್ ಹಾಕಿರುತ್ತದೆ. ನೂರರ ವೇಗದಲ್ಲಿ, ಬೆಲ್ಟ್ ಇಲ್ಲದೆ ಕೂತವನಿಗೆ ಆ ಸ್ಟಾರ್ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಇನ್ನು ರ‍್ಯಾಲಿಯ ಹುಚ್ಚು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿ ನಡೆಯುವುದರಿಂದ ನಮ್ಮ ಮಕ್ಕಳಿಗೆ ಅದು ಪಕ್ಕದ ಮನೆಯ ಆಟ. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೆಚ್ಚಬೇಕಾದ ಸಾಧನೆ ಅದು. ಆದರೆ ಆ ವೇಗದ ಹಿಂದೆ ಏನಿದೆ ಎಂಬುದನ್ನು ಮಗನಿಂದಲೇ ಹೇಳಿಸಿ. ಸ್ಪರ್ಧೆಯ ದಾರಿಯನ್ನು ಬೇರೆ ವಾಹನಗಳಿಗೆ ಬಂದ್ ಮಾಡಿರುತ್ತಾರೆ. ಚಾಲಕ ಮೊದಲೇ ಆ ದಾರಿಯಲ್ಲಿ ನಿಧಾನಕ್ಕೆ ಓಡಾಡಿ ಒಂದೊಂದು ತಿರುವನ್ನೂ ಬರೆಸಿಕೊಂಡಿರುತ್ತಾನೆ. ಪಕ್ಕದಲ್ಲಿ ಕೂತವನು ಅದನ್ನು ಓದುತ್ತಾ ಹೋಗುತ್ತಾನೆ. ಹೆಲ್ಮೆಟ್ ಇದೆ, ಕಾರಿನೊಳಗೆ ಉಕ್ಕಿನ ಪಂಜರವಿದೆ. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಸಾಮಾನ್ಯ ರಸ್ತೆಯಲ್ಲಿ ಹೋಗುವಾಗ ಅದೇ ಚಾಲಕ ನಮ್ಮ ನಿಮ್ಮ ಹಾಗೆ ಸಂಚಾರ ನಿಯಮ ಪಾಲಿಸಲೇಬೇಕು. ರೀಲ್ಸ್‌ನಲ್ಲಿ ಈ ಭಾಗವನ್ನು ಯಾರೂ ಹಾಕುವುದಿಲ್ಲ.

ನಮ್ಮ ದಾರಿಗಳಿಗೆ ಬರೋಣ. ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಇಳಿಯುವ ರಸ್ತೆ, ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ, ಇವೆರಡೂ ಕಾರಿನ ಬ್ರ್ಯಾಂಡ್ ನೋಡುವುದಿಲ್ಲ. ಘಾಟಿ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಎಂಬ ಹಳಬರ ಮಾತು ಇಂದಿನ ಕಾರಿಗೂ ಸಲ್ಲುತ್ತದೆ. ಇಕ್ಕಟ್ಟಿನ ಏರಿನಲ್ಲಿ ಎದುರು ಗಾಡಿ ಸಿಕ್ಕರೆ ಹತ್ತುವವರಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯಲ್ಲ, ನಿಯಮ.

ಮಳೆಗಾಲದ ವಿಷಯ ಬಿಡಿಸಿ ಹೇಳಬೇಕು. ಮೊದಲ ಮಳೆಗೆ ಟಾರಿನ ಮೇಲಿನ ಎಣ್ಣೆ, ಧೂಳು ಕಲಸಿ ರಸ್ತೆ ಜಾರುತ್ತದೆ. ಜಡಿಮಳೆ ಹಿಡಿದ ಮೇಲೆ ಮರದ ನೆರಳಿನ ಅಂಚುಗಳಲ್ಲಿ ಪಾಚಿ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. 60ರಲ್ಲಿ ಹೋಗುತ್ತಿದ್ದರೆ ಫೋನಿನ ಕಡೆ ಕಣ್ಣು ಹಾಯಿಸಿದ ಒಂದೇ ಸೆಕೆಂಡಿನಲ್ಲಿ ಕಾರು ಸುಮಾರು 17 ಮೀಟರ್ ಮುಂದಿರುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಡಿಮ್ ಇರಲಿ. ಟೈರಿನ ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಟೈರ್ ಮುಗಿಯಿತು. ನಮ್ಮ ಮಳೆಗೆ ಅಲ್ಲಿಯವರೆಗೂ ಕಾಯಬೇಡಿ ಎಂಬುದು ನನ್ನ ಸಲಹೆ.

2020ರಲ್ಲಿ ನಿಂತುಹೋದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳನ್ನು ಇಂಥ ತಿರುವುಗಳಲ್ಲೇ ಓಡಿಸಿದ ಚಾಲಕರು ನಿಮ್ಮ ಊರಿನಲ್ಲಿದ್ದರೆ ಮಗನನ್ನು, ಮಗಳನ್ನು ಅವರ ಹತ್ತಿರ ಕರೆದುಕೊಂಡು ಹೋಗಿ. ಯಾವ ತಿರುವಿನಲ್ಲಿ ಹಾರ್ನ್ ಹೊಡೆಯಬೇಕು, ಎಲ್ಲಿ ಗೇರ್ ಇಳಿಸಬೇಕು ಎಂದು ಅವರು ಹೇಳುವುದು ಯಾವ ವೀಡಿಯೊದಲ್ಲೂ ಸಿಗದು.

ಕೊನೆಗೆ ಕೀಲಿಯ ಮಾತು. ಮಲೆನಾಡಿನ ಮಕ್ಕಳು ತೋಟದ ದಾರಿಯಲ್ಲಿ ಜೀಪು, ಪಿಕಪ್ ಹಿಡಿದು ಬೇಗ ಕಲಿಯುತ್ತಾರೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ "ಇಲ್ಲೇ ಅಂಗಡಿಗೆ ತಾನೇ" ಎಂದು ಹದಿನಾರರ ಹುಡುಗನ ಕೈಗೆ ಕೀಲಿ ಹೋಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಇಲ್ಲಿ ಬಹಳ ಬಿಗಿ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾರಿನ ಮೇಲೆ ಪ್ರಾಣ ಇಟ್ಟುಕೊಂಡ ಹುಡುಗನಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ನಾಟುತ್ತದೆ, ಮುಚ್ಚಿಡದೆ ಹೇಳಿ.

18 ತುಂಬಲಿ, ಎಲ್.ಎಲ್. ಮಾಡಿಸಿ, ಸರಿಯಾಗಿ ಕಲಿಸಿ. ಲೈಸೆನ್ಸ್ ಕೈಗೆ ಬಂದ ಮೊದಲ ಮಳೆಗಾಲವಿಡೀ ಪಕ್ಕದ ಸೀಟಿನಲ್ಲಿ ನೀವೇ ಕೂತಿರಿ. ನಿಮ್ಮ ಬೆಲ್ಟೂ ಹಾಕಿರಲಿ.