ಬಿಳಿ ಚೆಂಡು ಏಕೆ ಹಾರಬಾರದು?

ಸ್ನೂಕರ್ ಆಟವನ್ನು ನಮ್ಮಲ್ಲಿ ಕಣ್ಣಾರೆ ನೋಡಿದವರು ಕಡಿಮೆ. ಆದರೂ ಅದರ ನಿಯಮಗಳು ಮೊದಲು ಗೋಡೆಯೇರಿದ್ದು ನಮ್ಮ ನೆರೆಯ ಉದಕಮಂಡಲದಲ್ಲಿ. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಬಿಡಾರದಲ್ಲಿ ಹುಟ್ಟಿದ ಆಟವನ್ನು ನೆವಿಲ್ ಚೇಂಬರ್ಲಿನ್ ನೀಲಗಿರಿಗೆ ತಂದರು. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ.) 1882ರ ಸುಮಾರಿಗೆ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೊಠಡಿಯಲ್ಲಿ ನಿಯಮಗಳನ್ನು ಬರೆದು ತೂಗುಹಾಕಿದರು.

ಮೇಜಿನ ಮೇಲೆ 15 ಕೆಂಪು ಚೆಂಡುಗಳು, 6 ಬೇರೆ ಬೇರೆ ಬಣ್ಣದವು, ಹೊಡೆಯುವುದಕ್ಕೆ ಒಂದು ಬಿಳಿಯದು. ಬಿಳಿ ಚೆಂಡಿಗೂ ಗುರಿಗೂ ನಡುವೆ ಬೇರೊಂದು ಚೆಂಡು ಅಡ್ಡ ನಿಂತು ನೇರ ದಾರಿ ಮುಚ್ಚಿದರೆ ಆ ಸ್ಥಿತಿಗೂ ಸ್ನೂಕರ್ ಎಂದೇ ಹೆಸರು. ಜಾಣ ಆಟಗಾರನು ಬೇಕೆಂದೇ ಎದುರಾಳಿಯನ್ನು ಈ ಇಕ್ಕಟ್ಟಿಗೆ ಸಿಲುಕಿಸುತ್ತಾನೆ. ಸಿಲುಕಿದವನು ಮೇಜಿನ ಅಂಚಿಗೆ ಬಡಿದೋ, ಚೆಂಡಿಗೆ ಸುತ್ತು ಕೊಟ್ಟು ಬಾಗಿಸಿಯೋ ಗುರಿ ಮುಟ್ಟಬೇಕು.

ಅಡ್ಡ ನಿಂತ ಚೆಂಡನ್ನು ಹಾರಿಸಿಬಿಟ್ಟರೆ ಆಗದೆ? ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೇ ಇದು. ಕೋಲಿನ ಹಿಂತುದಿಯನ್ನೆತ್ತಿ ಇಳಿಜಾರಾಗಿ ಹೊಡೆದರೆ ಚೆಂಡು ಬಟ್ಟೆಯಡಿಯ ಕಲ್ಲುಹಾಸಿಗೆ ಒತ್ತಿ ಪುಟಿದೇಳುತ್ತದೆ. ಕೈಚಳಕವೇನೋ ಹೌದು. ಆದರೆ ಹಾರುವುದಕ್ಕೆ ಅನುಮತಿಯಿದ್ದರೆ ಅಡ್ಡಗಟ್ಟುವ ಜಾಣ್ಮೆಗೆ ಬೆಲೆಯೆಲ್ಲಿ? ನಮ್ಮ ದೃಷ್ಟಿಯಲ್ಲಿ ನಿಷೇಧದ ಹುರುಳು ಇಲ್ಲಿದೆ.

ಆಟವನ್ನೇ ನುಂಗುವ ಹೊಡೆತಕ್ಕೆ ತಡೆಯೊಡ್ಡಿದ ನಿದರ್ಶನ ಬಿಲಿಯರ್ಡ್ಸಿನಲ್ಲಿಯೂ ಉಂಟು. 1907ರಲ್ಲಿ ಲಂಡನ್ನಿನಲ್ಲಿ ಟಾಮ್ ರೀಸ್ ಎರಡು ಚೆಂಡುಗಳನ್ನು ಮೂಲೆಗುಳಿಯ ಬಾಯಲ್ಲಿ ಸಿಕ್ಕಿಸಿ, ತನ್ನ ಚೆಂಡಿನಿಂದ ಅವನ್ನೇ ಮುಟ್ಟಿಸುತ್ತ, ವಾರಗಟ್ಟಲೆ ಆಡಿ 4,99,135 ಅಂಕ ಗಳಿಸಿದರು. ಎದುರಾಳಿ ಸುಮ್ಮನೆ ಕುಳಿತಿರಬೇಕಾಯಿತು! ಅನಂತರ ಆ ಹೊಡೆತಕ್ಕೂ ನಿಷೇಧ ಬಂದಿತು.

ಸ್ನೂಕರಿನ ಇಂದಿನ ನಿಯಮ ಸೂಕ್ಷ್ಮವಾದುದು. ಬಿಳಿ ಚೆಂಡು ಇನ್ನೊಂದು ಚೆಂಡಿನ ಯಾವುದೇ ಭಾಗದ ಮೇಲಿಂದ ಹಾದರೆ, ತಾಗಲಿ ತಾಗದಿರಲಿ, ತಪ್ಪು. ಎದುರಾಳಿಗೆ ಕನಿಷ್ಠ 4 ಅಂಕ. ಆದರೆ ಮೊದಲು ಒಂದು ಚೆಂಡಿಗೆ ತಗುಲಿ, ಆಮೇಲೆ ಮತ್ತೊಂದನ್ನು ಹಾರಿದರೆ ಹಾರಿದ್ದಕ್ಕೆ ದಂಡವಿಲ್ಲ. ಹಾರಿ ಬಂದು ಚೆಂಡಿಗೆ ಬಡಿದರೂ ಅದರ ಆಚೆ ಬದಿಗೆ ಇಳಿಯದಿದ್ದರೆ ಅದೂ ಹಾರುಹೊಡೆತವಲ್ಲ. ಅಂದರೆ ನೆಗೆತಕ್ಕಿಂತ ಅಡ್ಡಿಯನ್ನು ದಾಟಿದ್ದೇ ಇಲ್ಲಿ ಮುಖ್ಯ.

ಸೋದರ ಆಟವಾದ ಪೂಲ್‌ನಲ್ಲಿ ಹಾರಿಸುವುದು ಸಮ್ಮತ. ಅದಕ್ಕೆಂದೇ ಗಿಡ್ಡ ಕೋಲುಗಳೂ ಇವೆ. ಅಲ್ಲಿಯೂ ಮೇಲಿನಿಂದಲೇ ಹೊಡೆಯಬೇಕು. ಚೆಂಡಿನಡಿ ಕೋಲು ತೂರಿಸಿ ಸೌಟಿನಂತೆ ಎತ್ತಿದರೆ ತಪ್ಪು.